ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರು

ತನ್ನ ಬಗ್ಗೆ ತಾನೇ ಹೇಳಿಕೊಳ್ಳಬಾರದು ಅನ್ನುತ್ತಾರೆ. ನಾನೂ ಬಹಳ ವರ್ಷ ಕಾದು ನೋಡಿದೆ, ಬೇರೆ ಯಾರೂ ಹೇಳುವ ಲಕ್ಷಣ ಕಾಣಿಸಲಿಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ವಂದನಾರ್ಪಣೆ ಮಾಡುವುದರಲ್ಲಿ ನನ್ನಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಸ್ವಾಗತ ಭಾಷಣಕ್ಕೆ ಜನ ಸಿಗುತ್ತಾರೆ, ಅಧ್ಯಕ್ಷತೆಗಂತೂ ಪೈಪೋಟಿಯೇ ನಡೆಯುತ್ತದೆ, ವಂದನಾರ್ಪಣೆ ಮಾತ್ರ ಯಾರಿಗೂ ಬೇಡ. ಕಾಲೇಜಿಗೆ ಇತಿಹಾಸದ ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ, ಎಲ್ಲರಿಗಿಂತ ಕಿರಿಯ ಅನ್ನುವ ಒಂದೇ ಕಾರಣಕ್ಕೆ ಅದನ್ನು ನನ್ನ ತಲೆಗೆ ಕಟ್ಟಿದರು. ಆಮೇಲೆ ನನಗಿಂತ ಕಿರಿಯರು ಎಷ್ಟೋ ಮಂದಿ ಬಂದರು, ನನಗೆ ಬಡ್ತಿಯಾಯಿತು, ನಿವೃತ್ತಿಯೂ ಆಯಿತು, ವಂದನಾರ್ಪಣೆ ಮಾತ್ರ ನನ್ನನ್ನು ಬಿಡಲಿಲ್ಲ. ನಾನು ಎದ್ದು ನಿಲ್ಲುವ ಹೊತ್ತಿಗೆ ಜನರ ಪಾಲಿಗೆ ಸಭೆ ಮುಗಿದಿರುತ್ತದೆ. ಹಿಂದಿನ ಸಾಲಿನ ಕುರ್ಚಿಗಳು ಒಂದರ ಮೇಲೊಂದು ಏರುತ್ತಿರುತ್ತವೆ. ಪಕ್ಕದ ಕೋಣೆಯಿಂದ ಉಪ್ಪಿಟ್ಟಿನ ವಾಸನೆ ಬರುತ್ತಿರುತ್ತದೆ. ಬೆಂಗಳೂರಿನಿಂದ ಬಂದ ಮುಖ್ಯ ಅತಿಥಿಗಳು ತಾಳಗುಪ್ಪದ ರೈಲಿಗೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿರುತ್ತಾರೆ. ಆದರೂ ಕೆಲವರು ಕದಲದೆ, ಕಣ್ಣು ಮಿಟುಕಿಸದೆ, ನನ್ನನ್ನೇ ನೋಡುತ್ತ ಕೂತಿರುತ್ತಾರೆ. ಅವರು ನನ್ನ ಮಾತಿನ ಸೊಗಸಿಗೆ ಸೋತವರು ಎಂದು ಮೊದಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವರು ತಮ್ಮ ಹೆಸರು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದವರು. ಹೆಸರು ಬಂದ ತಕ್ಷಣ ಎದ್ದು ಉಪ್ಪಿಟ್ಟಿನ ಕಡೆ ನಡೆಯುತ್ತಿದ್ದರು.

ಹಾಗೆಂದು ಇದು ಹಗುರದ ಕೆಲಸ ಅಂದುಕೊಳ್ಳಬೇಡಿ. ಭಾಷಣಕಾರ ತಪ್ಪು ಮಾತಾಡಿದರೆ ಮರುದಿನ ಜನ ಮರೆಯುತ್ತಾರೆ, ವಂದನಾರ್ಪಣೆಯಲ್ಲಿ ಒಂದು ಹೆಸರು ಬಿಟ್ಟರೆ ಆ ಮನೆಯ ಮದುವೆಗೆ ಕರೆಯೋಲೆ ಬರುವುದಿಲ್ಲ. ಒಮ್ಮೆ ಮೈಕಿನ ರಫೀಕನ ಹೆಸರು ಬಾಯಿಗೆ ಬರಲಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಎಲ್ಲರ ಭಾಷಣವೂ ಸ್ಪಷ್ಟವಾಗಿ ಕೇಳಿಸಿತು, ನನ್ನ ಸರದಿ ಬಂದಾಗ ಮಾತ್ರ ಮೈಕು ಕುಂಯ್ ಎಂದು ಅಳುವುದಕ್ಕೆ ಶುರುಮಾಡಿತು. ವೈರು ಸಡಿಲ ಆಗಿತ್ತು ಸಾರ್ ಎಂದು ರಫೀಕ್ ಬಹಳ ವಿನಯದಿಂದ ಹೇಳಿದ. ಅಂದಿನಿಂದ ನಾನು ಮೊದಲು ರಫೀಕನಿಗೆ ವಂದಿಸಿ ಆಮೇಲೆ ಶಾಸಕರಿಗೆ ವಂದಿಸುತ್ತೇನೆ. ಕುರ್ಚಿ ಕೊಟ್ಟವರು, ಜಮಖಾನ ಹಾಸಿದವರು, ದೀಪಕ್ಕೆ ಎಣ್ಣೆ ತಂದವರು, ಗಾಳಿಗೆ ಆ ದೀಪ ಆರದಂತೆ ಕೈ ಅಡ್ಡ ಹಿಡಿದವರು, ಹೀಗೆ ಯಾರನ್ನೂ ಬಿಡುವುದಿಲ್ಲ.

ಬಿಡುವುದು ಒಬ್ಬರನ್ನು ಮಾತ್ರ, ನಮ್ಮವರನ್ನು. ನಮ್ಮವರಿಗೆ ವಂದನೆ ಹೇಳಬಾರದು. ಇದು ನಾನು ಮಾಡಿದ ನಿಯಮವಲ್ಲ, ನಮ್ಮ ಸೀಮೆಯದ್ದು. ನಾನು ಹುಟ್ಟಿದ್ದು ನಿಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ನಾಟಿಯ ಕಾಲಕ್ಕೆ ನಮ್ಮ ಗದ್ದೆಗೆ ನೆರೆಮನೆಯವರು, ಅವರ ಗದ್ದೆಗೆ ನಮ್ಮ ಮನೆಯವರು ಕೂಲಿಯಿಲ್ಲದೆ ಮುಯ್ಯಾಳಾಗಿ ಹೋಗುತ್ತಿದ್ದೆವು. ದಿನವಿಡೀ ಬಗ್ಗಿ ದುಡಿದವರಿಗೆ ಸಂಜೆ ಊಟ ಬಡಿಸುತ್ತಿದ್ದರೇ ಹೊರತು ಉಪಕಾರವಾಯಿತು ಎಂದು ಯಾರೂ ಕೈಮುಗಿದದ್ದಿಲ್ಲ. ಕೈಮುಗಿದಿದ್ದರೆ, ಇವರು ನಮ್ಮನ್ನು ಹೊರಗಿನವರು ಮಾಡಿಬಿಟ್ಟರಲ್ಲ ಎಂದು ಅವರು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಎಲ್ಲೋ ಒಂದು ತರಬೇತಿಯಲ್ಲಿ ಮನೆಯವರಿಗೂ ಕೃತಜ್ಞತೆ ಹೇಳುವ ಅಭ್ಯಾಸ ಇಟ್ಟುಕೊಳ್ಳಿ ಎಂದು ಹೇಳಿಕೊಟ್ಟರೆಂದು, ಬೆಳಿಗ್ಗೆ ಕಾಫಿ ತಂದ ಹೆಂಡತಿಗೆ ಥ್ಯಾಂಕ್ಸ್ ಎಂದೆ. ಅವಳು ಲೋಟ ಅಲ್ಲಿಯೇ ಇಟ್ಟು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ, ಯಾವುದಾದರೂ ಸಾಲಕ್ಕೆ ಜಾಮೀನು ಹಾಕಿ ಬಂದಿದ್ದೀರಾ ಎಂದು ವಿಚಾರಿಸಿದಳು. ನಾನು ಆ ಅಭ್ಯಾಸವನ್ನು ಅಂದೇ ನಿಲ್ಲಿಸಿದೆ.

ಇಂಥ ನನ್ನ ಬಾಳಿನಲ್ಲಿ ಕಂಪ್ಯೂಟರು ಬಂದದ್ದು ಹೊಸನಗರದ ಗಣಿತದ ಮೇಷ್ಟ್ರು ಶಿವಪ್ಪನಿಂದ. ಶಿವಪ್ಪನಿಗೆ ಒಂದು ಹುಚ್ಚು. ಯಾರಾದರೂ ಕಂಪ್ಯೂಟರು ಹಳೆಯದಾಯಿತು ಎಂದು ಎಸೆಯಲು ಹೊರಟರೆ ಅವನು ಹೋಗಿ ಎತ್ತಿಕೊಂಡು ಬರುತ್ತಾನೆ. ಸಾಗರದಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಕೋಣೆಗೂ ಅಂಥ ನಾಲ್ಕಾರು ಡಬ್ಬಗಳನ್ನು ತಂದಿಟ್ಟ. ಅವು ಶುರುವಾಗುವಷ್ಟರಲ್ಲಿ ಸುಬ್ಬಣ್ಣನ ಅಂಗಡಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ಶಿವಪ್ಪ ಅವುಗಳ ಒಳಗಿದ್ದ ಆಪರೇಟಿಂಗ್ ಸಿಸ್ಟಮ್ಮನ್ನು ಅಳಿಸಿ ಇನ್ನೊಂದನ್ನು ಹಾಕಿದ, ಅವು ಎದ್ದು ಓಡಾಡತೊಡಗಿದವು. ಇದಕ್ಕೆ ಎಷ್ಟಾಯಿತು ಎಂದು ಕೇಳಿದೆ. ದುಡ್ಡಿಲ್ಲ ಎಂದ. ಹಾಗಾದರೆ ಕದ್ದದ್ದೋ ಎಂದೆ. ಅದೂ ಅಲ್ಲವಂತೆ. ಇದು ಮುಕ್ತ ತಂತ್ರಾಂಶ, ಪ್ರಪಂಚದ ಯಾವ್ಯಾವುದೋ ಮೂಲೆಯಲ್ಲಿ ಕೂತ ಜನ ತಮ್ಮ ಬಿಡುವಿನಲ್ಲಿ ಒಂದೊಂದು ತುಂಡು ಬರೆದು ಸೇರಿಸುತ್ತಾರೆ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ವಿವರಿಸಿದ. ಅವರೆಲ್ಲ ಒಬ್ಬರಿಗೊಬ್ಬರು ಗುರುತೇ ಎಂದು ಕೇಳಿದರೆ, ಹೆಚ್ಚಿನವರು ಮುಖ ಕೂಡ ನೋಡಿಲ್ಲ ಎಂದ. ಮುಖ ನೋಡದವರ ಗದ್ದೆಗೆ ಮುಯ್ಯಾಳು ಹೋಗುವ ಜನ ಈ ಕಾಲದಲ್ಲೂ ಇದ್ದಾರೆ ಎಂದು ನನಗೆ ನಂಬುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಆದರೆ ಅದರ ಕನ್ನಡ ಅರ್ಧ ಬೋಳಿಸಿದ ತಲೆಯ ಹಾಗಿತ್ತು. ಒಂದು ಸಾಲು ಕನ್ನಡ, ಅದರ ಕೆಳಗೆ ನಾಲ್ಕು ಸಾಲು ಇಂಗ್ಲಿಷು. ಇದನ್ನು ಪೂರ್ತಿ ಮಾಡೋಣ ಎಂದು ಶಿವಪ್ಪ ಹೊರಟ. ಅಲ್ಲಿಲ್ಲಿಯ ಏಳೆಂಟು ಮಂದಿ ಸೇರಿದೆವು. ಅದಕ್ಕೊಂದು ಜಾಲತಾಣವಿದೆ, ಎಡಗಡೆ ಇಂಗ್ಲಿಷಿನ ಸಾಲು ಬರುತ್ತದೆ, ಬಲಗಡೆ ನಾವು ಕನ್ನಡ ಬರೆಯಬೇಕು. ನಾನು ಎರಡು ಬೆರಳಿನಲ್ಲಿ ಕುಟ್ಟುವವನು. ಒಂದು ಸಾಲು ಮುಗಿಯುವಷ್ಟರಲ್ಲಿ ಮೊದಲ ಪದ ಏನಿತ್ತೆಂದು ಮರೆತುಹೋಗುತ್ತಿತ್ತು. ಅದಕ್ಕಾಗಿ ತೀರ್ಥಹಳ್ಳಿಯ ನನ್ನ ಅಕ್ಕನಿಗೆ ಫೋನು ಮಾಡಿ, ನಾನು ಹೇಳ್ತಾ ಹೋಗ್ತೀನಿ, ನೀನು ಸ್ವಲ್ಪ ಟೈಪ್ ಮಾಡಿಕೊಡು ಎಂದೆ. ಅಕ್ಕ ತೀರ್ಥಹಳ್ಳಿಯಲ್ಲಿ ಬಹಳ ಕಾಲದಿಂದ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಾಳೆ. ಆ ಪೇಟೆಯ ಆಫೀಸುಗಳಲ್ಲಿ ಕೂತು ಕೀಲಿ ಒತ್ತುವವರಲ್ಲಿ ಅರ್ಧ ಜನ ಅವಳ ಕೈಯಲ್ಲಿ ಬೆರಳಿಗೆ ಏಟು ತಿಂದವರು. ಬೋರ್ಡಿನ ಮೇಲೆ ಮಾತ್ರ ಸಂಚಾಲಕರು ಎಂದು ತಿಮ್ಮಪ್ಪ ಭಾವನ ಹೆಸರಿದೆ. ಭಾವ ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಇವತ್ತಿನವರೆಗೆ ಒಂದು ಕೀಲಿ ಒತ್ತಿದವರಲ್ಲ.

ನಾನು ಹೇಳಿದ್ದನ್ನು ಅಕ್ಕ ಟೈಪು ಮಾಡಿದ್ದು ಒಂದೇ ವಾರ. ನಾನು ಕಸ ಹಾಕುವ ಜಾಗಕ್ಕೆ ತ್ಯಾಜ್ಯ ಸಂಗ್ರಹಾಲಯ ಎಂದು ಬರೆಸಿದ್ದೆ. ಇಂಥದ್ದನ್ನು ಓದಿದರೆ ಮಕ್ಕಳು ಕಂಪ್ಯೂಟರಿಗೆ ಕೈಮುಗಿದು ಎದ್ದು ಹೋಗುತ್ತಾರೆ ಎಂದು ಹೇಳಿ ಅವಳು ಕಸದ ಬುಟ್ಟಿ ಎಂದು ಮಾಡಿದಳು. ಆಮೇಲೆ ನನ್ನನ್ನು ಕೇಳುವುದನ್ನೇ ಬಿಟ್ಟಳು. ಮಧ್ಯಾಹ್ನ ಟೈಪಿಂಗ್ ಕಲಿಯುವವರು ಹೋಗಿ ಸಂಜೆಯವರು ಬರುವ ನಡುವೆ, ಎರಡನೇ ನಂಬರಿನ ಕಂಪ್ಯೂಟರಿನ ಮುಂದೆ ಕೂತು ಸಾಲಿನ ಮೇಲೆ ಸಾಲು ಮುಗಿಸತೊಡಗಿದಳು. ನಾವು ಉಳಿದವರು ಸುಬ್ಬಣ್ಣನ ಅಂಗಡಿಯಲ್ಲಿ ಒಂದೊಂದು ಪದದ ಮೇಲೆ ಅರ್ಧ ದಿನ ಚರ್ಚೆ ಮಾಡಿ ಮನೆಗೆ ಬಂದು ನೋಡಿದರೆ, ಆ ಪುಟವೇ ಮುಗಿದಿರುತ್ತಿತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾವು ಮಾಡಿದ ತಪ್ಪುಗಳಿಗೆಲ್ಲ ಅಕ್ಕನ ಉದ್ದುದ್ದದ ಟಿಪ್ಪಣಿಗಳು ಬರುತ್ತಿದ್ದವು. ಸ್ಕೂಲಿನಲ್ಲಿ ಶಿವಪ್ಪನಿಗೆ ಹೆದರುವ ಹುಡುಗರಿದ್ದಾರೆ, ಶಿವಪ್ಪ ಆ ಟಿಪ್ಪಣಿಗಳಿಗೆ ಹೆದರುತ್ತಿದ್ದ.

ಕೊನೆಗೊಂದು ದಿನ ಕೆಲಸ ಮುಗಿಯಿತು. ಆ ತಂತ್ರಾಂಶದವರ ಕಡೆಯಿಂದ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂತು. ನಿಮ್ಮ ಕನ್ನಡ ಮುಂದಿನ ಆವೃತ್ತಿಯಲ್ಲಿ ಪ್ರಪಂಚಕ್ಕೆಲ್ಲ ಹೋಗುತ್ತದೆ, ಕೆಲಸ ಮಾಡಿದವರ ಹೆಸರುಗಳನ್ನು ಕಳಿಸಿ, ಕೃತಜ್ಞತೆಯ ಪುಟದಲ್ಲಿ ಹಾಕುತ್ತೇವೆ ಎಂದು. ಕೆಳಗೆ ಸಹಿ ಇದ್ದ ಜಾಗದಲ್ಲಿ, ಕನ್ನಡದಲ್ಲಿ ಹೇಳಬೇಕೆಂದರೆ, ಹಳೇ ಕೊಡೆ ಎಂದಿತ್ತು. ಆ ಲೋಕದಲ್ಲಿ ಇಂಥ ಹೆಸರು ಇಟ್ಟುಕೊಳ್ಳುವುದು ಸಾಮಾನ್ಯವಂತೆ. ಹಳೇ ಕೊಡೆ ಗಂಡಸೋ ಹೆಂಗಸೋ, ಯಾವ ದೇಶವೋ ಶಿವಪ್ಪನಿಗೂ ಗೊತ್ತಿಲ್ಲ. ಹೆಸರುಗಳನ್ನು ಕಳಿಸುವ ಕೆಲಸ ಸಹಜವಾಗಿಯೇ ನನಗೆ ಬಂತು. ಇಷ್ಟು ವರ್ಷ ಓದುಕೋಣೆಯ ಮಾಡಿನ ಕೆಳಗೆ ಮುಗಿದುಹೋಗುತ್ತಿದ್ದ ನನ್ನ ವಂದನಾರ್ಪಣೆಗೆ ಇದೇ ಮೊದಲ ಬಾರಿ ಪ್ರಪಂಚ ಕಿವಿ ಕೊಡುತ್ತಿತ್ತು. ನಾನು ಹಿಂದೆ ಮುಂದೆ ನೋಡಲಿಲ್ಲ. ಶಿವಪ್ಪನನ್ನು, ಗುಂಪಿನ ಉಳಿದವರನ್ನು ಬರೆದೆ. ಒಂದು ಚಹಾಕ್ಕೆ ಅರ್ಧ ದಿನ ಬೆಂಚು ಬಿಟ್ಟುಕೊಟ್ಟ ಸುಬ್ಬಣ್ಣನನ್ನು ಬರೆದೆ. ಗಾಳಿಮಳೆಯಲ್ಲಿ ಕಂಬ ಹತ್ತಿ ಕರೆಂಟು ಕೊಟ್ಟ ಲೈನ್‌ಮನ್‌ನನ್ನು ಬರೆದೆ. ರಫೀಕನಿಗೂ ಇದಕ್ಕೂ ಸಂಬಂಧವಿರಲಿಲ್ಲ, ಆದರೂ ಯಾಕೆ ಬೇಕು ತಾಪತ್ರಯ ಎಂದು ಅವನನ್ನೂ ಸೇರಿಸಿದೆ. ಎಲ್ಲಕ್ಕಿಂತ ಮೇಲೆ ಸಂಯೋಜಕರು ಎಂದು ನನ್ನ ಹೆಸರು. ನನಗೆ ನಾನೇ ವಂದನೆ ಹೇಳಿಕೊಂಡೆ ಎಂದು ತಿಳಿಯಬೇಡಿ, ಬರೀ ಹೆಸರು ಹಾಕಿಕೊಂಡೆ.

ಅಕ್ಕನ ಹೆಸರು ಹಾಕಲಿಲ್ಲ. ಮರೆತು ಬಿಟ್ಟದ್ದಲ್ಲ, ನನ್ನ ವಿದ್ಯೆಯ ಪ್ರಕಾರ ಬಿಟ್ಟದ್ದು. ಒಡಹುಟ್ಟಿದವಳಿಗೆ ಪ್ರಪಂಚದ ಮುಂದೆ ವಂದನೆ ಹೇಳಿ ಅವಳನ್ನು ಹೊರಗಿನವಳು ಮಾಡುವಷ್ಟು ಸಣ್ಣ ಮನುಷ್ಯ ನಾನಲ್ಲ ಎಂದು ಹೆಮ್ಮೆಯೂ ಪಟ್ಟಿದ್ದೆ. ಶಿವಪ್ಪ ಆ ಪಟ್ಟಿಯನ್ನು ಗುಂಪಿಗೆ ಹಾಕಿದ. ಎಲ್ಲರೂ ಭೇಷ್ ಎಂದರು. ಒಂದು ಅಲ್ಪವಿರಾಮ ತಪ್ಪಿದರೂ ಒಂದು ಪುಟ ಬರೆಯುವ ಅಕ್ಕ ಹೆಬ್ಬೆರಳಿನ ಚಿತ್ರ ಒಂದನ್ನು ಹಾಕಿ ಸುಮ್ಮನಾದಳು. ಪ್ರತಿ ಭಾನುವಾರ ತಪ್ಪದೆ ಬರುವ ಅವಳ ಫೋನು ಆ ವಾರ ಬರಲಿಲ್ಲ. ನಾನು ಮಾಡಿದರೆ ಭಾವ ಎತ್ತಿ, ಅವಳು ಕೆಲಸದಲ್ಲಿದ್ದಾಳೆ ಎಂದರು. ಹೆಂಡತಿ ವಿಷಯ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಹೇಳದೆ ಅಡಿಗೆಮನೆಗೆ ಹೋದಳು. ಅವಳು ಏನೂ ಹೇಳದೆ ಹೋದಾಗ ನನಗೆ ಹೆದರಿಕೆಯಾಗುತ್ತದೆ.

ಅಷ್ಟರಲ್ಲಿ ಹಳೇ ಕೊಡೆಯ ಉತ್ತರ ಬಂತು. ಚಹಾ ಕೊಟ್ಟವರನ್ನು, ಕರೆಂಟು ಕೊಟ್ಟವರನ್ನು ಹೆಸರಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಯಾಕಿಲ್ಲ ಎಂದು ನಿಮ್ಮ ಪಟ್ಟಿ ನೋಡಿದ ಮೇಲೆ ನಮ್ಮೊಳಗೆ ಚರ್ಚೆಯಾಯಿತು, ಅವರಿಗಾಗಿ ಬೇರೆ ಒಂದು ಭಾಗ ಮಾಡುತ್ತೇವೆ ಎಂದಿತ್ತು. ನಾನು ಉಬ್ಬಿಹೋದೆ. ಕೆಳಗಿನ ಸಾಲು ಓದಿ ಗಾಳಿ ಇಳಿಯಿತು. ನಮ್ಮ ದಾಖಲೆಯ ಪ್ರಕಾರ ಈ ಕನ್ನಡದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳನ್ನು ಬರೆದವರು ಟೈಪಿಂಗ್-ಎರಡು ಎನ್ನುವವರು, ಅವರ ಹೆಸರು ನಿಮ್ಮ ಪಟ್ಟಿಯಲ್ಲಿಲ್ಲ, ಅವರು ಯಾರು, ಎಂದು ಕೇಳಿದ್ದರು. ಅವಳು ನನ್ನ ಅಕ್ಕ, ನಮ್ಮಲ್ಲಿ ನಮ್ಮವರಿಗೆ ವಂದನೆ ಹೇಳುವುದಿಲ್ಲ ಎಂದು ನಾನು ನಮ್ಮ ಸೀಮೆಯ ಸಂಸ್ಕೃತಿಯನ್ನು ಎರಡು ಪುಟ ವಿವರಿಸಿದೆ. ಮರುದಿನವೇ ಉತ್ತರ. ನಿಮ್ಮ ಪದ್ಧತಿ ಬಹಳ ಚೆನ್ನಾಗಿದೆ, ಆದರೆ ಅವರು ಅಕ್ಕ ಆಗಿರುವುದು ನಿಮಗೆ, ನಮಗೆ ಅವರು ಯಾರೆಂದು ಗೊತ್ತಾಗಬೇಕಲ್ಲ, ಅವರನ್ನೇ ಕೇಳಿ, ಯಾವ ಹೆಸರಿನಿಂದ ಕರೆದರೆ ಅವರಿಗೆ ಇಷ್ಟವೋ ಆ ಹೆಸರು ಸಾಕು, ಯಾವ ದಾಖಲೆಯೂ ಬೇಡ, ಅವರ ಉತ್ತರ ಬರುವವರೆಗೆ ಕನ್ನಡವನ್ನು ತಡೆದಿಟ್ಟಿರುತ್ತೇವೆ. ಜೊತೆಗೆ ಹಿಂದಿನ ಆವೃತ್ತಿಯ ಹೆಸರುಗಳ ಪುಟದ ಕೊಂಡಿಯನ್ನೂ ಕಳಿಸಿದ್ದರು.

ಆ ಪುಟವನ್ನು ತೆರೆದೆ. ಇದರ ಬಗ್ಗೆ ತಮಾಷೆಯಾಗಿ ಬರೆಯಲು ಎಷ್ಟೋ ಸಲ ಪ್ರಯತ್ನ ಪಟ್ಟಿದ್ದೇನೆ, ಆಗುವುದಿಲ್ಲ. ಹೆಸರುಗಳು ಶುರುವಾದವು, ಮುಗಿಯಲೇ ಇಲ್ಲ. ನಾನು ಓದಬಲ್ಲ ಲಿಪಿಗಳು, ಓದಲಾಗದ ಲಿಪಿಗಳು, ಎಡಕ್ಕೆ ಹರಿಯುವ ಅಕ್ಷರ, ಗುಡಿಸಲಿನ ಹಾಗೆ ಕಾಣುವ ಅಕ್ಷರ. ನಡುನಡುವೆ ಹಳೇ ಕೊಡೆಯ ನೆಂಟರು, ಒಬ್ಬರು ಒದ್ದೆ ಕಾಲುಚೀಲ, ಒಬ್ಬರು ಮೂರನೇ ಮೊಲ. ಪ್ರತಿಯೊಬ್ಬರ ಮುಂದೆ ಅವರು ಮಾಡಿದ್ದೇನು ಎಂದಿತ್ತು. ಒಬ್ಬರು ಇಡೀ ಒಂದು ಭಾಗವನ್ನೇ ಕಟ್ಟಿದ್ದರು. ಇನ್ನೊಬ್ಬರು ಒಂದು ಕಡೆ ಬಿಟ್ಟುಹೋಗಿದ್ದ ಚುಕ್ಕಿಯನ್ನು ಸೇರಿಸಿದ್ದರು, ಅಷ್ಟೇ. ಆ ಚುಕ್ಕಿಯವರ ಹೆಸರು ಕಟ್ಟಿದವರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಅದರ ಪಕ್ಕದಲ್ಲಿತ್ತು. ಕಣ್ಣು ಕಾಣಿಸದವರೊಬ್ಬರು, ಇಲ್ಲಿ ನನಗೆ ದಾರಿ ತಪ್ಪುತ್ತದೆ ಎಂದು ದೂರು ಬರೆದಿದ್ದರಂತೆ, ಆ ದೂರಿಗಾಗಿ ಅವರ ಹೆಸರು. ಒಂದು ಹೆಸರಿನ ಮುಂದೆ ಇವರು ಈಗ ನಮ್ಮೊಂದಿಗಿಲ್ಲ, ಇವರು ಬರೆದ ಸಾಲುಗಳು ಇಂದಿಗೂ ಕೆಲಸ ಮಾಡುತ್ತಿವೆ ಎಂದಿತ್ತು. ನಾನು ಜೀವಮಾನವಿಡೀ ಹೆಸರು ಓದಿಕೊಂಡು ಬಂದವನು. ಹೆಸರು ಬಿಟ್ಟರೆ ಮೈಕು ಕೆಡುತ್ತದೆ ಎಂಬ ಹೆದರಿಕೆಯಿಂದ ಓದಿದವನು. ಯಾರ ಹೆದರಿಕೆಯೂ ಇಲ್ಲದೆ, ಮುಖ ನೋಡದವರ ಹೆಸರನ್ನು ಒಂದು ಚುಕ್ಕಿಗಾಗಿ ಇಷ್ಟು ಜೋಪಾನವಾಗಿ ಕಾಪಾಡುವವರಿದ್ದಾರೆ ಎಂದು ಕಂಡು ನನ್ನ ಕಣ್ಣು ಮಂಜಾಯಿತು. ಪಕ್ಕದಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಸಾಲು ಬರೆದ ಅಕ್ಕನನ್ನು ನಾನು ಎಲ್ಲಿಟ್ಟಿದ್ದೆ ಎಂದು ನೆನೆಸಿಕೊಂಡು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಹೊಸನಗರದಲ್ಲಿ ಶಿವಪ್ಪ ಸೇರಿಕೊಂಡ. ಅಕ್ಕನ ಎದುರು ಒಬ್ಬನೇ ಹೋಗುವ ಧೈರ್ಯ ನನಗಿರಲಿಲ್ಲ, ಜೊತೆಗೆ ಬರುವ ಧೈರ್ಯ ಅವನಿಗೂ ಇರಲಿಲ್ಲ, ಆದರೆ ಕನ್ನಡ ನಿಂತುಹೋದೀತೆಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ದಾರಿಯುದ್ದಕ್ಕೂ ಅವನು ನನಗೆ ಉಪದೇಶ ಮಾಡಿದ: ನೇರವಾಗಿ ಕ್ಷಮೆ ಕೇಳಿಬಿಡಿ, ಸಂಸ್ಕೃತಿ ವಿವರಿಸಬೇಡಿ. ತೀರ್ಥಹಳ್ಳಿಯಲ್ಲಿ ಇಳಿದು ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತುವಾಗ ಕೀಲಿಗಳ ಸದ್ದು ಕೇಳಿಸಲಿಲ್ಲ. ಅದು ಮಧ್ಯಾಹ್ನದ ಬಿಡುವಿನ ಹೊತ್ತು. ಅಕ್ಕ ಎರಡನೇ ನಂಬರಿನ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತು ಕೀಲಿಮಣೆಯ ಧೂಳು ಒರೆಸುತ್ತಿದ್ದಳು. ಭಾವ ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು.

"ಬಂದ್ರಾ? ಕೂತ್ಕೊಳಿ," ಎಂದಳು ಅಕ್ಕ ತಲೆ ಎತ್ತದೆ. "ಸುಬ್ಬಣ್ಣ ಆರಾಮನಾ? ರಫೀಕ್ ಆರಾಮನಾ?"

ಶಿವಪ್ಪ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡತೊಡಗಿದ. ನಾನು ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದೆ, ಬಂದದ್ದು ಸಂಸ್ಕೃತಿ. ನಮ್ಮವರಿಗೆ ವಂದನೆ ಹೇಳುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಅಪ್ಪ ಯಾವತ್ತಾದರೂ ಅಮ್ಮನಿಗೆ ಹೇಳಿದ್ದುಂಟಾ, ಎಂದೆಲ್ಲ ತೊದಲಿದೆ. ಅಕ್ಕ ಕೀಲಿಮಣೆಯನ್ನು ಬೋರಲು ಹಾಕಿ ತಟ್ಟಿದಳು.

"ಹೌದು ಮಾರಾಯ, ನಾನು ನಿಮ್ಮೋಳು. ಬೋರ್ಡಲ್ಲಿ ಇವರ ಹೆಸರು, ಅದಕ್ಕೂ ನಾನು ಇವರೋಳು. ಎಲ್ಲರಿಗೂ ನಾನು ಅವರೋಳೇ. ಹಾಗಾಗಿ ಎಲ್ಲೂ ನಾನಿಲ್ಲ. ಸರಿ ಬಿಡು."

ಕೋಪದಿಂದ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಅವಳು ನಾಳೆ ಹಾಲಿನವನು ಬರುವುದಿಲ್ಲ ಎಂದು ಹೇಳುವ ಧ್ವನಿಯಲ್ಲಿ ಹೇಳಿದಳು. ಕೊನೆಗೆ ಶಿವಪ್ಪನೇ ಕ್ಯಾಲೆಂಡರಿನಿಂದ ತಿರುಗಿ, ಹಳೇ ಕೊಡೆ ಬರೆದದ್ದನ್ನು ಮೊಬೈಲಿನಲ್ಲಿ ತೋರಿಸಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದ. ನಿಮ್ಮ ಉತ್ತರ ಬರುವವರೆಗೆ ಕನ್ನಡ ಹೊರಡುವುದಿಲ್ಲವಂತೆ ಅಕ್ಕಾವ್ರೇ, ಯಾವ ಹೆಸರಿನಿಂದ ಕರೆದರೆ ನಿಮಗೆ ಇಷ್ಟ ಅಂತ ಕೇಳ್ತಿದ್ದಾರೆ, ಎಂದ. ಅಕ್ಕ ಮೊಬೈಲನ್ನು ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು. ಆಧಾರ್ ನಂಬರು ಬೇಡವಾ ಎಂದು ಕೇಳಿದಳು. ಬೇಡವಂತೆ. ಗಂಡನ ಹೆಸರು, ತಂದೆಯ ಹೆಸರು? ಅದೂ ಬೇಡ. ಪೇಪರು ಮಡಚಿ ಎದ್ದು ಬಂದ ಭಾವ, ಅಷ್ಟು ತಲೆಬಿಸಿ ಯಾಕೆ, ತಿಮ್ಮಪ್ಪ ಅಂತಲೇ ಹಾಕಿ, ಎಲ್ಲ ಕಡೆ ಅದೇ ಇದೆಯಲ್ಲ, ಎಂದು ಸಹಾಯ ಮಾಡಲು ನೋಡಿದರು. ನಾವು ಮೂವರೂ ಅವರನ್ನು ನೋಡಿದ ರೀತಿಗೆ ಅವರು ಪೇಪರನ್ನು ಮತ್ತೆ ಬಿಚ್ಚಿದರು.

ಸುಮಿತ್ರಾ ಅಂತ ಹಾಕ್ಲಾ ಅಕ್ಕ, ಎಂದೆ ನಾನು. ಅಕ್ಕ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಇಲ್ಲೊಂದು ವಿಷಯ ಓದುಗರಿಗೆ ಹೇಳಬೇಕು. ಸುಮಿತ್ರಾ ಎನ್ನುವುದು ಅವಳಿಗೆ ಮದುವೆಯಲ್ಲಿ ಇಟ್ಟ ಹೆಸರು. ಅಮ್ಮ ಇಟ್ಟದ್ದು ಗಿರಿಜಾ. ಅವಳು ಸೇರಿದ ಮನೆಯಲ್ಲಿ ಅತ್ತೆಯ ಹೆಸರೂ ಗಿರಿಜಾ ಆಗಿತ್ತು. ಒಂದು ಮನೆಯಲ್ಲಿ ಎರಡು ಗಿರಿಜೆಯರಿದ್ದರೆ ಸೊಸೆಯನ್ನು ಬಯ್ಯುವಾಗ ಅತ್ತೆಯ ಹೆಸರು ಹಿಡಿದಂತಾಗುತ್ತದೆ. ಅದಕ್ಕಾಗಿ ಧಾರೆಯ ದಿನವೇ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಹೆಸರು ಬದಲಾಯಿಸಿದರು. ನಾನು ಆಗ ಊಟದ ಪಂಕ್ತಿಯಲ್ಲಿ ಜಾಗ ಹಿಡಿಯುವ ಗಡಿಬಿಡಿಯಲ್ಲಿದ್ದೆ, ಅದೊಂದು ದೊಡ್ಡ ಸಂಗತಿ ಎಂದು ಅನ್ನಿಸಿರಲಿಲ್ಲ. ಅವಳು ನನಗೆ ಅವತ್ತೂ ಅಕ್ಕ, ಮರುದಿನವೂ ಅಕ್ಕ. ಗಿರಿಜಾ ಎಂದು ಆಮೇಲೂ ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅಮ್ಮ ಹೋದ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದದ್ದನ್ನು ನಾನು ಕೇಳಿರಲಿಲ್ಲ.

ಅಕ್ಕ ಕೀಲಿಮಣೆಯನ್ನು ನೆಟ್ಟಗೆ ಮಾಡಿ ಹತ್ತಿರ ಎಳೆದುಕೊಂಡಳು. ಕೀಲಿ ನೋಡಿ ಟೈಪು ಮಾಡುವವರ ಬೆರಳಿಗೆ ಸ್ಕೇಲಿನಿಂದ ಹೊಡೆಯುವವಳು, ಆವತ್ತು ಒಂದೊಂದೇ ಕೀಲಿಯನ್ನು ನೋಡಿ ನೋಡಿ ಒತ್ತಿದಳು. ಪರದೆಯ ಮೇಲೆ ಗಿರಿಜಾ ಎಂದು ಬಂತು. ಮುಂದೆ ಏನಾದರೂ ಸೇರಿಸುತ್ತಾಳೇನೋ ಎಂದು ಕಾದೆವು. ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಇಷ್ಟೇ ಸಾಕು," ಎಂದಳು. "ಇದನ್ನ ಕಳ್ಸಿ ಅವರಿಗೆ. ಚೆನ್ನಾಗಿ ಕೇಳಿದ್ರು ಅಂತಾನೂ ಬರೀರಿ."

ಭಾವ ಅವಳ ಹಿಂದೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು, ಪರದೆಯನ್ನು ನೋಡಿ, ಗಿರಿಜಾ ಎಂದು ಗಟ್ಟಿಯಾಗಿ ಓದಿದರು. ಇಷ್ಟು ವರ್ಷದ ಸಂಸಾರದಲ್ಲಿ ಇವಳೇ, ಕೇಳ್ತಾ ಎನ್ನುವುದು ಬಿಟ್ಟು ಅವರು ಅವಳನ್ನು ಯಾವ ಹೆಸರಿನಿಂದಲೂ ಕರೆದವರಲ್ಲ. ಓದಿದ ಮೇಲೆ ತಾವು ಮಾಡಿದ್ದೇನೆಂದು ಅವರಿಗೇ ಗೊತ್ತಾಗಿ ಕಿವಿ ಕೆಂಪಾಯಿತು. ಚಹಾ ತರ್ತೀನಿ ಎಂದು ಮೆಟ್ಟಿಲು ಇಳಿದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಕ್ಕ ಆ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಧೂಳು ಮಾರಾಯ ಈ ಕೀಲಿಮಣೇಲಿ ಎಂದಳು.

ಹೊಸ ಆವೃತ್ತಿ ಬಂದ ಮೇಲೆ ಓದುಕೋಣೆಯಲ್ಲಿ ಒಂದು ಸಣ್ಣ ಸಮಾರಂಭ ಇಟ್ಟುಕೊಂಡೆವು. ಸಂಯೋಜಕ ಎಂದು ನನ್ನನ್ನು ಜೀವನದಲ್ಲಿ ಮೊದಲ ಸಲ ವೇದಿಕೆಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಶಿವಪ್ಪ ಗೋಡೆಯ ಮೇಲೆ ಬೆಳಕು ಬಿಟ್ಟು ಆ ಹೆಸರುಗಳ ಪುಟವನ್ನು ತೋರಿಸಿದ. ಕನ್ನಡದ ಭಾಗ ಬಂತು. ಅವರು ದೊಡ್ಡವರು, ಚಿಕ್ಕವರು ನೋಡುವುದಿಲ್ಲ, ಅಕಾರಾದಿಯಾಗಿ ಜೋಡಿಸುತ್ತಾರೆ. ಗಿರಿಜಾ ಎಂಬ ಹೆಸರು ಗೋಡೆಯ ಮೇಲೆ ದೊಡ್ಡದಾಗಿ ಮೂಡಿ ಮೆಲ್ಲಗೆ ಮೇಲೇರಿತು. ಸಭೆಯಲ್ಲಿ ಭಾವ ಒಬ್ಬರೇ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ನನ್ನ ಹೆಸರು ವಿಶ್ವನಾಥ, ವಕಾರದವನು. ಪುಟ ಯಕಾರ ದಾಟುವಷ್ಟರಲ್ಲಿ ಕರೆಂಟು ಹೋಯಿತು. ನಾನೇ ಹೆಸರು ಸೇರಿಸಿದ್ದ ಲೈನ್‌ಮನ್ ಮುಂದಿನ ಸಾಲಿನಲ್ಲಿ ಕೂತಿದ್ದ, ಕಂಬದ ಹತ್ತಿರ ಇರಬೇಕಾದವನು.

ವಂದನಾರ್ಪಣೆಯನ್ನು ಈ ಸಲ ಅಕ್ಕ ಮಾಡಲಿ ಎಂದು ಶಿವಪ್ಪ ಹೇಳಿದ್ದ. ಮೈಕಿಲ್ಲದೆಯೇ ಅವಳ ಧ್ವನಿ ಹಿಂದಿನ ಸಾಲಿನವರೆಗೆ ಹೋಯಿತು. ಅವಳು ಮುಖ ನೋಡದ ಹಳೇ ಕೊಡೆಗೆ ವಂದಿಸಿದಳು. ಚುಕ್ಕಿ ಸೇರಿಸಿದವರಿಗೆ, ದೂರು ಬರೆದವರಿಗೆ, ಈಗ ಇಲ್ಲದವರಿಗೆ ವಂದಿಸಿದಳು. ಶಿವಪ್ಪನಿಗೆ, ಸುಬ್ಬಣ್ಣನಿಗೆ, ಲೈನ್‌ಮನ್‌ಗೆ, ಕೆಲಸವಿಲ್ಲದೆ ಕೂತಿದ್ದ ರಫೀಕನಿಗೆ ವಂದಿಸಿದಳು. ನಾನು ವೇದಿಕೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಹೆಸರು ಬಂದಾಗ ಎದ್ದು ಕೈಮುಗಿಯಲು ಸುಲಭವಾಗಲೆಂದು ಕುರ್ಚಿಯ ತುದಿಗೆ ಸರಿದು ಕೂತಿದ್ದೆ. ಹಿಂದೆ ಕುರ್ಚಿಗಳು ಒಂದರ ಮೇಲೊಂದು ಏರತೊಡಗಿದವು. ಉಪ್ಪಿಟ್ಟಿನ ವಾಸನೆ ಬಂತು. ನಾನು ಕದಲದೆ, ಕಣ್ಣು ಮಿಟುಕಿಸದೆ ಅಕ್ಕನನ್ನೇ ನೋಡುತ್ತಿದ್ದೆ. ಎಲ್ಲರಿಗೂ ನಮಸ್ಕಾರ ಎಂದು ಹೇಳಿ ಅವಳು ಕೂತುಬಿಟ್ಟಳು.

ತಟ್ಟೆ ಹಿಡಿದು ನಿಂತಿದ್ದಾಗ ಅಕ್ಕ ಬಂದು ನನ್ನ ಉಪ್ಪಿಟ್ಟಿನ ಮೇಲೆ ಇನ್ನೊಂದು ಸೌಟು ಹಾಕಿದಳು. ನನ್ನ ಮುಖ ನೋಡಿದಳು.

"ಎಂತದಾ? ನಿನಗೆ ವಂದನೆ ಹೇಳೋಕೆ ನೀನೇನು ಹೊರಗಿನವನಾ?"

ನನ್ನ ಶಾಸ್ತ್ರವನ್ನೇ ನನಗೆ ಬಡಿಸಿ ಅವಳು ಮುಂದಿನವರ ತಟ್ಟೆಗೆ ಹೋದಳು. ವೈರು ಸುತ್ತುತ್ತಿದ್ದ ರಫೀಕ್ ಹತ್ತಿರ ಬಂದು, ಸಾರ್, ನಿಮ್ಮ ಹೆಸರು ಬರ್ಲೇ ಇಲ್ಲವಲ್ಲ, ಪಾಪ ಮೇಡಂ ಮರೆತಿರಬೇಕು, ಎಂದು ಅನುಭವಿಯ ಮರುಕದಿಂದ ಹೇಳಿದ. ಮರೆತದ್ದಲ್ಲ ರಫೀಕ್, ನಾನು ಅವರ ಮನೆಯವನು, ನಮ್ಮಲ್ಲಿ ಮನೆಯವರಿಗೆ ಹೇಳುವ ಪದ್ಧತಿಯಿಲ್ಲ, ಎಂದು ತಲೆ ಎತ್ತಿ ಹೇಳಿದೆ. ಹೇಳುವಾಗ ನಿಜವಾಗಿಯೂ ಹೆಮ್ಮೆಯಾಯಿತು. ಮನೆಗೆ ಬಂದವನು ಚಪ್ಪಲಿ ಬಿಟ್ಟು, ಹೆಂಡತಿ ಹಿತ್ತಲಿನಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಕಂಪ್ಯೂಟರ್ ಶುರುಮಾಡಿ ಆ ಪುಟವನ್ನು ತೆರೆದು ವಕಾರದವರೆಗೆ ಇಳಿದೆ. ನನ್ನ ಹೆಸರು ಇತ್ತು. ಪುಟವನ್ನು ಮುಚ್ಚಿದೆ. ಆಮೇಲೆ ಇನ್ನೊಂದು ಸಲ ತೆರೆದು ನೋಡಿದೆ.